ಒಂಬತ್ತರಲ್ಲಿ ಮುಗಿಯುವ ನಂಬರು

ಪಾತ್ರೆ ತೊಳೆಯುವ ಮುನ್ನ ಅವನು ವಾಚು ಬಿಚ್ಚಿ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟ. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಅವನೆಂದರೆ, ಮದುವೆಯಾದರೆ ಇವನನ್ನೇ ಎಂದು ನನ್ನ ಮಗಳು ಮನೆಗೆ ಕರೆತಂದಿದ್ದ ಹುಡುಗ. ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕು, ಅಷ್ಟು ಎತ್ತರ. ನನ್ನ ಗಂಡ ಮೊದಲ ದಿನವೇ ಅವನಿಗೆ ‘ಏಣಿ’ ಎಂದು ಹೆಸರಿಟ್ಟಿದ್ದರು. ಅಟ್ಟದ ಮೇಲಿನ ಸಾಮಾನು ಇಳಿಸಲು ಇನ್ನು ಸ್ಟೂಲು ಬೇಡ ಎಂಬ ಖುಷಿ ಅವರಿಗೆ. ಅಂದು ಅವನು ಎರಡನೇ ಸಲ ಊಟಕ್ಕೆ ಬಂದಿದ್ದ. ಊಟ ಮುಗಿದದ್ದೇ ಅಂಗಿಯ ತೋಳು ಮಡಚಿ, "ಬಿಡಿ ಆಂಟಿ, ಇವತ್ತು ಪಾತ್ರೆ ನಂದು" ಎಂದು ಸಿಂಕಿನ ಮುಂದೆ ನಿಂತ. ತಟ್ಟೆಯ ಹಿಂಬದಿಯನ್ನೂ ಉಜ್ಜುತ್ತಿದ್ದ. ತಟ್ಟೆಯ ಹಿಂಬದಿ ಉಜ್ಜುವ ಗಂಡಸನ್ನು ನಾನು ನೋಡಿದ್ದು ಕಡಿಮೆ. ನನ್ನ ಮನಸ್ಸು ಮೆತ್ತಗಾಗುತ್ತಿತ್ತು. ಒರೆಸುವ ಬಟ್ಟೆಗೆಂದು ಕಿಟಕಿಯ ಕಡೆ ತಿರುಗಿದೆ. ವಾಚು ಕಣ್ಣಿಗೆ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಹಳೆಯ ಕಾಲದ ಚೆಂದದ ವಾಚು ಎಂದುಕೊಂಡು ಸುಮ್ಮನಾಗುತ್ತಿದ್ದರು. ನನಗದು ಆಗದ ಮಾತು, ಏಕೆಂದರೆ ನನ್ನ ಕೆಲಸವೇ ಅದು. ಹಳೆಯ ಕೈಗಡಿಯಾರಗಳನ್ನು ಕೊಂಡು ಮಾರುವ ವ್ಯಾಪಾರಿಯೊಬ್ಬರು ಪ್ರತಿ ಗುರುವಾರ ಚಪ್ಪಟೆ ಪೆಟ್ಟಿಗೆಯೊಂದರಲ್ಲಿ ಇಪ್ಪತ್ತೋ ಮೂವತ್ತೋ ವಾಚು ತಂದು ನಮ್ಮ ಊಟದ ಮೇಜಿನ ಮೇಲಿಟ್ಟು ಹೋಗುತ್ತಾರೆ. ಮುಂದಿನ ಗುರುವಾರದೊಳಗೆ ಒಂದೊಂದಕ್ಕೂ ನಾನು ಚೀಟಿ ಬರೆದು ಕಟ್ಟಬೇಕು. ಯಾವ ಮಾದರಿ, ಯಾವ ವರ್ಷದ್ದು, ನಮ್ಮಲ್ಲೇ ಮಾರಲು ಮಾಡಿದ್ದೋ ಹೊರದೇಶಕ್ಕೆ ಕಳಿಸಲು ಮಾಡಿದ್ದೋ, ಎಲ್ಲ ಭಾಗವೂ ಅದರದ್ದೇಯೋ ಅಥವಾ ನಾಲ್ಕು ವಾಚಿನ ಭಾಗ ಸೇರಿಸಿ ಮಾಡಿದ್ದೋ, ಅಂದರೆ ನಮ್ಮ ಮಾತಿನಲ್ಲಿ ‘ಕೂಡಿಸಿದ್ದು’. ಹಾಲು ಕಾಯುವಷ್ಟರಲ್ಲಿ ಒಂದು ವಾಚು, ಬಟ್ಟೆ ನೆನೆಯುವಷ್ಟರಲ್ಲಿ ಎರಡು, ಹೀಗೆ ವಾರ ಕಳೆಯುತ್ತದೆ.

ಇದನ್ನೆಲ್ಲ ಕಲಿಸಿದ್ದು ಅಪ್ಪ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಅವರು ಹೋಗಿ ಒಂಬತ್ತು ವರ್ಷವಾಯಿತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಭೂತಗನ್ನಡಿ ಈಗ ಕಪ್ಪು ದಾರದಲ್ಲಿ ನನ್ನ ಕೊರಳಲ್ಲೇ ಇರುತ್ತದೆ, ಒಗ್ಗರಣೆ ಹಾಕುವಾಗಲೂ. "ವಾಚಿಗೆ ಮಾತು ಬರಲ್ಲ, ತಂದವರಿಗೆ ಬರುತ್ತೆ. ಮೊದಲು ವಾಚು ನೋಡು, ಆಮೇಲೆ ಕಥೆ ಕೇಳು" ಎನ್ನುತ್ತಿದ್ದರು. ನಾನು ಆ ದಿನ ಕಥೆಯನ್ನು ಮೊದಲೇ ಕೇಳಿಬಿಟ್ಟಿದ್ದೆ. ಊಟಕ್ಕೆ ಕೂತಾಗ ಏಣಿಯೇ ಹೇಳಿದ್ದ. ಅವನ ತಾತ ಹನ್ನೊಂದು ವರ್ಷ ಹೊರದೇಶದ ಬಂದರೊಂದರಲ್ಲಿ ಕ್ರೇನ್ ನಡೆಸುತ್ತಿದ್ದರಂತೆ. ಕೆಲಸ ಬಿಟ್ಟು ಊರಿಗೆ ಹೊರಟಾಗ ಜೊತೆಗಾರರೆಲ್ಲ ಕೂಡಿ ಈ ವಾಚು ಕೊಟ್ಟರಂತೆ. "ನಿಮ್ಮ ದೇಶದ್ದೇ ವಾಚು, ತಗೊಂಡು ಹೋಗಿ ಅಂದ್ರಂತೆ" ಎಂದು ನಕ್ಕಿದ್ದ.

ಅವನು ಬೆನ್ನು ತಿರುಗಿಸಿ ನಿಂತಿದ್ದ. ನಲ್ಲಿ ಜೋರಾಗಿ ಸುರಿಯುತ್ತಿತ್ತು. ನಾನು ವಾಚನ್ನು ಎತ್ತಿಕೊಂಡೆ.

ನಕ್ಷತ್ರದ ಗುರುತಿನ ವಾಚು. ಮುಚ್ಚಿಹೋಗಿ ಎಷ್ಟೋ ಕಾಲವಾದ, ನಮ್ಮ ದೇಶದ್ದೇ ಕಂಪನಿಯೊಂದರದ್ದು. ಹನ್ನೆರಡರ ಕೆಳಗೆ ಪುಟ್ಟ ನಕ್ಷತ್ರವಿರುತ್ತದೆ, ನಾವು ರಿಪೇರಿಯವರು ಕಂಪನಿಯ ಹೆಸರು ಬಿಟ್ಟು ‘ನಕ್ಷತ್ರ’ ಎಂದೇ ಕರೆಯುವುದು. ಆ ಕಂಪನಿಯವರು ಒಂದೇ ವಾಚನ್ನು ಎರಡು ಥರ ಮಾಡುತ್ತಿದ್ದರು. ನಮ್ಮಲ್ಲಿ ಮಾರುವುದಕ್ಕೆ ಬಿಳಿಯ ಮುಖ, ಹೊರಗೆ ಕಳಿಸುವುದಕ್ಕೆ ಕಡುನೀಲಿ ಮುಖ. ಹಿಂಬದಿಯ ಮುಚ್ಚಳದ ಮೇಲೆ ಮಾದರಿಯ ನಂಬರು ಇರುತ್ತದೆ, ಅದು ಸೊನ್ನೆಯಲ್ಲಿ ಮುಗಿದರೆ ನಮ್ಮಲ್ಲಿಯದು, ಒಂಬತ್ತರಲ್ಲಿ ಮುಗಿದರೆ ಹೊರಗಿನದು. ವಾರ ತೋರಿಸುವ ಕಿಂಡಿಯಲ್ಲಿ ನಮ್ಮದಕ್ಕೆ ಒಂದೇ ಭಾಷೆ, ಹೊರಗಿನದಕ್ಕೆ ಎರಡು. ಇನ್ನು ಮುಖದ ಅಂಚಿನಲ್ಲಿ, ಆರರ ಕೆಳಗೆ, ಕೂದಲೆಳೆಯಷ್ಟು ಸಣ್ಣ ಅಕ್ಷರ. ಎಚ್ ಎಂದರೆ ಇಲ್ಲಿಯದು, ಎಕ್ಸ್ ಎಂದರೆ ಹೊರಗಿನದು.

ತಿರುಗಿಸಿದೆ. ನಂಬರು ಒಂಬತ್ತರಲ್ಲಿ ಮುಗಿದಿತ್ತು. ಸರಿ, ತಾತ ಗೆದ್ದರು. ಕೀಲಿಯನ್ನು ಒಂದಿಷ್ಟು ತಿರುಗಿಸಿದೆ, ಅದು ಮಾಡಬಾರದ ಕೆಲಸವೇ. ಭಾನುವಾರ ಜಾರಿ ಅದೇ ಭಾನುವಾರ ಇನ್ನೊಂದು ಲಿಪಿಯಲ್ಲಿ ಬಂತು. ತಾತ ಮತ್ತೆ ಗೆದ್ದರು. ಮುಖ ಮಾತ್ರ ಬಿಳಿ. ಭೂತಗನ್ನಡಿ ಕಣ್ಣಿಗೇರಿಸಿ ಆರರ ಕೆಳಗೆ ನೋಡಿದೆ.

ಎಚ್.

ಕಡಲಾಚೆಯ ಜನ ಕೊಂಡುಕೊಟ್ಟ ವಾಚಿಗೆ ಇಲ್ಲಿಂದ ಹೊರಗೇ ಹೋಗದ ಮುಖ ಹೇಗೆ ಬಂತು? ಇಂಥ ವಾಚು ವ್ಯಾಪಾರಿಯ ಪೆಟ್ಟಿಗೆಯಲ್ಲಿ ವಾರಕ್ಕೆರಡು ಬರುತ್ತವೆ. ಹಳೆ ಸಾಮಾನಿನ ಸಂತೆಯಲ್ಲಿ ಭಾಗ ಆಯ್ದು ಕೂಡಿಸಿ, ಮೇಲೊಬ್ಬ ತಾತನನ್ನು ಅಂಟಿಸಿ ಮಾರುತ್ತಾರೆ.

"ಆಂಟಿ, ಈ ಬಾಣಲೆಗೆ ತಂತಿಬ್ರಷ್ ಹಾಕ್ಬಹುದಾ?"

ನಾನು ವಾಚನ್ನು ಇದ್ದಲ್ಲೇ ಇಟ್ಟೆ. "ಹಾಕಪ್ಪ" ಎಂದೆ. ಆ ಬಾಣಲೆಗೆ ಹಾಕಬಾರದಾಗಿತ್ತು.

ಟೀ ಕುಡಿಯುವಾಗ ಸುಮ್ಮನೆ ಎಂಬಂತೆ ಕೇಳಿದೆ. "ವಾಚು ಚೆನ್ನಾಗಿದೆಯಪ್ಪ. ಯಾರ ಹತ್ರ ರಿಪೇರಿ ಮಾಡಿಸ್ತೀಯ?"

"ರಿಪೇರಿಯೇ ಆಗಿಲ್ಲ ಆಂಟಿ. ತಾತ ಯಾರಿಗೂ ಮುಟ್ಟೋಕೆ ಬಿಟ್ಟವರಲ್ಲ. ಬಿಚ್ಚಿಯೇ ಇಲ್ಲ ಇದನ್ನ. ನೀರಲ್ಲಿ ಮುಳುಗಿಸಿದ್ರೂ ಏನೂ ಆಗಲ್ಲ ಅಂತಿದ್ರು."

"ನಿಂಗೆ ಯಾವಾಗ ಕೊಟ್ರು?"

"ನಾನು ಪಾಸಾದಾಗ."

ನನ್ನ ಕಿವಿ ನೆಟ್ಟಗಾಯಿತು. ಮೊದಲ ಸಲ ಬಂದಾಗ, ತಾತ ತೀರಿಕೊಂಡ ಮೇಲೆ ವಾಚು ಕೈಗೆ ಬಂತು ಎಂದಿದ್ದ. ಅವನ ಲೋಟಕ್ಕೆ ಇನ್ನಷ್ಟು ಟೀ ಸುರಿದೆ.

ಅವನು ಹೋದ ಮೇಲೆ ಗಂಡನ ಹತ್ತಿರ ಹೇಳಿದೆ. ಅವರು ಬಟ್ಟೆ ಮಡಚುತ್ತಾ ಕೇಳಿಸಿಕೊಂಡರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಟವೆಲುಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಾರೆ.

"ಅದಕ್ಕೆ?" ಎಂದರು.

"ಅದಕ್ಕೇನು? ಸುಳ್ಳು ಹೇಳ್ತಿದ್ದಾನೆ. ವಾಚಿನ ವಿಷಯಕ್ಕೆ ಸುಳ್ಳು ಹೇಳೋನು ನಾಳೆ ಸಂಬಳದ್ದು ಹೇಳಲ್ವಾ, ಕುಡಿತದ್ದು ಹೇಳಲ್ವಾ?"

"ನೋಡು, ನನ್ನನ್ನೂ ನೀನು ಬೆನ್ನು ತಿರುಗಿಸಿ ನಂಬರು ನೋಡಿಯೇ ಒಪ್ಪಿಕೊಂಡವಳು. ನನ್ನ ಬಿಡಿಭಾಗ ಎಲ್ಲ ನಂದೇನಾ ಅಂತ ಇನ್ನೂ ನಿಂಗೆ ಗ್ಯಾರಂಟಿ ಇಲ್ಲ."

"ಹಲ್ಲು ಎರಡು ನಿಮ್ಮದಲ್ಲ."

"ಅದನ್ನ ಮದುವೆಗೆ ಮುಂಚೆ ಹೇಳಿದ್ನಾ? ಇಲ್ಲ ತಾನೆ? ಮೂವತ್ತು ವರ್ಷ ಆಯ್ತು, ಓಡ್ತಾ ಇದೀನಿ."

ನಗು ಬಂತು, ಆದರೆ ಮನಸ್ಸಿಗೆ ಚುಚ್ಚಿಕೊಂಡ ಮುಳ್ಳು ಅಲ್ಲೇ ಇತ್ತು. ಎರಡು ವರ್ಷದ ಹಿಂದೆ ವ್ಯಾಪಾರಿಗೆ ಮಾರಲು ಗಿರಾಕಿಯೊಬ್ಬ, ಮಾವನ ನೆನಪು ಎಂದು ಕಣ್ಣೀರು ಹಾಕಿಕೊಂಡು ವಾಚು ತಂದಿದ್ದ. ನಾನು ಅವನ ಕಣ್ಣು ನೋಡಿ ‘ಅಸಲಿ’ ಎಂದು ಚೀಟಿ ಬರೆದಿದ್ದೆ. ಅದು ಅಸಲಿಯಾಗಿರಲಿಲ್ಲ. ವ್ಯಾಪಾರಿ ನನಗೇನೂ ಅನ್ನಲಿಲ್ಲ, ಆ ಚೀಟಿಯನ್ನು ವಾಪಸು ತಂದು ಮೇಜಿನ ಮೇಲಿಟ್ಟು ಹೋದರು ಅಷ್ಟೆ. ಅದು ವಾಚಿನ ವಿಷಯ. ಇದು ಮಗಳ ವಿಷಯ.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಏಣಿಯ ಕೆಲಸ ಊರೂರು ತಿರುಗಿ ಆಸ್ಪತ್ರೆ, ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಿ ಅದರ ಮೇಲೆ ಚೀಟಿ ಅಂಟಿಸುವುದು. ಇವಳ ಅಂಗಡಿಯ ತಕ್ಕಡಿಯನ್ನು ಅವನು ಒಂದೇ ತಿಂಗಳಲ್ಲಿ ಮೂರು ಸಲ ಪರೀಕ್ಷಿಸಿದಾಗಲೇ ಅಲ್ಲಿಯವರಿಗೆಲ್ಲ ಗೊತ್ತಾಗಿತ್ತಂತೆ.

ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಹೇಳಿದೆ. ನಿಧಾನಕ್ಕೇ ಹೇಳಿದೆ. ಬಾಚಣಿಗೆ ಅರ್ಧದಲ್ಲೇ ನಿಂತಿತು.

"ಅಮ್ಮಾ, ಅವನು ಪಾತ್ರೆ ತೊಳೀತಿದ್ದಾಗ ನೀನು ಅವನ ವಾಚು ತಡಕಾಡ್ತಿದ್ದೆಯಾ?"

"ತಡಕಾಡಲಿಲ್ಲ. ನೋಡ್ದೆ."

"ಭೂತಗನ್ನಡಿ ಹಾಕ್ಕೊಂಡು?"

ಕೊರಳಿನ ಕಪ್ಪು ದಾರವನ್ನು ಸೆರಗಿನೊಳಗೆ ಸರಿಸಿದೆ.

"ನೀನು ಮನುಷ್ಯರಿಗೂ ಚೀಟಿ ಕಟ್ಟೋಕೆ ಶುರು ಮಾಡಿದ್ದೀಯ" ಎಂದಳು. ಮುಖ ಕೆಂಪಾಗಿತ್ತು. "ನನ್ನ ಗೆಳತಿ ಒಬ್ಬಳು ಬರೋದು ಬಿಟ್ಟಳು, ನೀನು ಅವಳ ಓಲೆ ನೋಡಿದ ರೀತಿಗೆ. ಈಗ ಇವನು."

"ಅವನು ಸುಳ್ಳು ಹೇಳಿದ್ದು ನಿಂಗೆ ಪರವಾಗಿಲ್ವಾ?"

ಅವಳು ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಒಂದೊಂದಾಗಿ ಬಿಡಿಸಿದಳು. ಅಮ್ಮನ ಮಗಳೇ ತಾನೆ, ಅವಳಿಗೂ ಅನುಮಾನದ ಬೀಜ ಬಿದ್ದದ್ದು ಕಂಡಿತು, ಅದನ್ನು ಬಿತ್ತಿದ ಕೈ ನನ್ನದೇ. ಕೊನೆಗೆ ಬಾಚಣಿಗೆ ಕೆಳಗಿಟ್ಟು ಹೇಳಿದಳು, "ಸರಿ. ಬಿಚ್ಚಿ ನೋಡು. ಹೊರಗಿಂದ ನೋಡಿ ಹೇಳಬೇಡ. ಅದು ಅವನು ಎಲ್ಲಿಂದಲೋ ತಂದು ಕಥೆ ಕಟ್ಟಿದ್ದು ಅಂತ ಆದ್ರೆ, ಈ ಮದುವೆ ಮಾತು ನಾನೇ ನಿಲ್ಲಿಸ್ತೀನಿ. ಅಲ್ಲ ಅಂತಾದ್ರೆ, ನೀನು ಅವನ ಮುಂದೆ ಕೂತು, ನಿನ್ನ ಮೇಲೆ ಅನುಮಾನಪಟ್ಟಿದ್ದೆ ಅಂತ ಬಾಯಿಬಿಟ್ಟು ಹೇಳ್ಬೇಕು. ಒಪ್ಪಿಗೆನಾ?"

ಒಪ್ಪಿಗೆ ಎಂದೆ. ಬೇರೆ ದಾರಿ ಇರಲಿಲ್ಲ.

ಬುಧವಾರ ಅವನೇ ವಾಚು ತಂದ, ಕರವಸ್ತ್ರದಲ್ಲಿ ಸುತ್ತಿ. ಮಗಳು ಅವನಿಗೆ ಏನೂ ಮುಚ್ಚಿಟ್ಟಿರಲಿಲ್ಲ ಎಂದು ಅವನ ಮುಖ ನೋಡಿದೊಡನೆ ತಿಳಿಯಿತು. ನಗು ಇರಲಿಲ್ಲ. ಕೊಟ್ಟವನು ಹೊರಡಲಿಲ್ಲ, ನಿಂತೇ ಇದ್ದ.

"ಏನಪ್ಪ?"

"ಒಂದು ರಶೀದಿ ಕೊಡ್ತೀರಾ ಆಂಟಿ?"

"ರಶೀದಿನಾ?"

"ವಾಚು ತಗೊಂಡಿದ್ದಕ್ಕೆ. ಹಿಂದಿನ ನಂಬರು ಎರಡೂ ಬರೆದು. ಮಾದರಿ ನಂಬರು, ವಾಚಿನ ಸ್ವಂತ ನಂಬರು." ಸಂಕೋಚದಿಂದ ಕಿವಿ ಕೆಂಪಾಗಿದ್ದರೂ ಮಾತು ತಡವರಿಸಲಿಲ್ಲ. "ರಿಪೇರಿಯವರು ಒಳಗಿನ ಭಾಗ ಬದಲಾಯಿಸಿಬಿಡ್ತಾರೆ ಅಂತ ಕೇಳಿದ್ದೀನಿ. ತಪ್ಪು ತಿಳ್ಕೋಬೇಡಿ."

ತಪ್ಪೇ ತಿಳಿದುಕೊಂಡೆ. ನನ್ನ ಅಪ್ಪನ ಹೊಟ್ಟೆಪಾಡಿಗೇ ಕೈ ಹಾಕಿದ ಹಾಗಾಯಿತು. ಅಪ್ಪ ಒಂದು ವಾಚಿನ ಮುಖವನ್ನು ಇನ್ನೊಂದಕ್ಕೆ ಹಾಕಿದವರಲ್ಲ. ಹಾಗೆ ಮಾಡುವವರನ್ನು ‘ಮೂಗು ಕೊಯ್ಯೋರು’ ಎಂದು ಬೈಯುತ್ತಿದ್ದರು. ರಶೀದಿ ಬರೆದುಕೊಟ್ಟೆ. ಅವನು ವಾಚನ್ನು ತಿರುಗಿಸಿ ಒಂದೊಂದು ಅಂಕೆಗೂ ಬೆರಳಿಟ್ಟು ತಾಳೆ ನೋಡಿ, ಮಡಚಿ ಜೇಬಿಗಿಟ್ಟುಕೊಂಡು ಹೋದ.

ಮರುದಿನ ಗಂಡ ದಿನಸಿಗೆಂದು ಹೊರಗೆ ಹೋಗಿದ್ದರು, ಮಗಳು ಕೆಲಸದಲ್ಲಿದ್ದಳು. ಒಲೆಯ ಮೇಲೆ ಹಾಲಿಟ್ಟು, ಕಿಟಕಿಯ ಬಳಿ ಕೂತು, ವಾಚಿನ ಹಿಂಬದಿಯ ಮುಚ್ಚಳ ತಿರುಗಿಸಿದೆ. ಬಿಚ್ಚಿಯೇ ಇಲ್ಲ ಎಂದಿದ್ದ. ಮುಚ್ಚಳದ ಅಂಚಿನ ಕಚ್ಚುಗಳಲ್ಲಿ ಉಪಕರಣ ಜಾರಿದ ಗೆರೆಯಿತ್ತು. ಬಿಚ್ಚಿದ್ದರು. ‘ಸಿಕ್ಕಿಬಿದ್ದ’ ಎಂದುಕೊಂಡೆ. ನಾಚಿಕೆಯ ಮಾತು, ಆದರೆ ಹೇಳಿಬಿಡುತ್ತೇನೆ, ನನಗಾಗ ಖುಷಿಯಾಗಿತ್ತು.

ಮುಚ್ಚಳ ಕೈಗೆ ಬಂತು. ಅದರ ಒಳಮೈ ತಿರುಗಿಸಿ ಬೆಳಕಿಗೆ ಹಿಡಿದೆ.

ವಾಚು ರಿಪೇರಿಯವರಿಗೆ ಒಂದು ಪದ್ಧತಿಯಿದೆ. ತಾವು ಬಿಚ್ಚಿದ ವಾಚಿನ ಮುಚ್ಚಳದ ಒಳಗೆ ಸೂಜಿಮೊನೆಯಲ್ಲಿ ತಮ್ಮ ಗುರುತು ಗೀರುತ್ತಾರೆ. ಗಿರಾಕಿಗೆ ಕಾಣುವುದಿಲ್ಲ, ಮುಂದೆ ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣುತ್ತದೆ. ಇದರಲ್ಲಿ ಒಂದೇ ಒಂದು ಗುರುತಿತ್ತು. ಅರ್ಧಚಂದ್ರ, ಅದರ ಹೊಟ್ಟೆಯಲ್ಲೊಂದು ಚುಕ್ಕೆ, ಪಕ್ಕದಲ್ಲಿ 7-413, ಅದರ ಕೆಳಗೆ ವರ್ಷದ ಕೊನೆಯ ಎರಡು ಅಂಕೆ.

ಆ ಅರ್ಧಚಂದ್ರವನ್ನು ನಾನು ಗೀರಲು ಕಲಿತದ್ದು ಹನ್ನೆರಡನೇ ವಯಸ್ಸಿನಲ್ಲಿ, ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕಾಲು ತೂಗಾಡಿಸುತ್ತಾ, ಒಡೆದ ಮುಚ್ಚಳಗಳ ಮೇಲೆ. ಅದು ಅಪ್ಪನ ಗುರುತು. ಏಳನೇ ತಿಂಗಳು, ಆ ವರ್ಷದ ನಾನೂರ ಹದಿಮೂರನೇ ವಾಚು. ವರ್ಷ, ನನ್ನ ಮಗಳು ಹುಟ್ಟಿದ ವರ್ಷ. ಆ ವರ್ಷವಿಡೀ ನಾನು ಅಂಗಡಿಗೆ ಕಾಲಿಟ್ಟಿರಲಿಲ್ಲ.

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಎದ್ದು ಆರಿಸಿದೆ, ಒರೆಸಿದೆ, ಮತ್ತೆ ಒರೆಸಿದೆ. ಆಗಲೇ ಒರೆಸಿದ್ದನ್ನು ಮೂರನೇ ಸಲ ಒರೆಸುತ್ತಿದ್ದೇನೆಂದು ತಿಳಿದು ಬಟ್ಟೆ ಕೆಳಗಿಟ್ಟೆ.

ವಾಚು ಬಿಚ್ಚಿದ್ದು ಅಪ್ಪ ಒಬ್ಬರೇ. ಹಾಗಾದರೆ ಬಿಳಿ ಮುಖ ಹಾಕಿದ್ದೂ ಅವರೇ. ಒಂಬತ್ತರಲ್ಲಿ ಮುಗಿಯುವ ವಾಚು ನಮ್ಮೂರಿಗೆ ಬರುವುದೇ ಅಪರೂಪ. ಅದರ ನೀಲಿ ಮುಖವನ್ನು ಬೇಕೆಂದು ಕಾಯುವ ಜನ ಆಗಲೂ ಇದ್ದರು. ಅಪ್ಪ ಆ ಮುಖವನ್ನು ತೆಗೆದು, ಡ್ರಾಯರಿನಲ್ಲಿ ರಾಶಿ ಬಿದ್ದಿದ್ದ ಬಿಳಿಯದೊಂದನ್ನು ಹಾಕಿ, ಏನೂ ಅರಿಯದ ಕ್ರೇನಿನ ಮನುಷ್ಯನನ್ನು ಕಳಿಸಿಬಿಟ್ಟರೇ? ಮೂಗು ಕೊಯ್ಯೋರು ಎಂದು ಬೈಯುತ್ತಿದ್ದ ಅದೇ ಬಾಯಿ. ಆ ವರ್ಷ ನಾನು ಅಂಗಡಿಯಲ್ಲಿರಲಿಲ್ಲ ಎಂಬುದೂ ಈಗ ಬೇರೆ ಥರ ಕಾಣತೊಡಗಿತು.

ಇನ್ನೊಂದು ಯೋಚನೆಯೂ ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಈ ಗೀರನ್ನು ಓದಬಲ್ಲವಳು ಈಗ ನಾನೊಬ್ಬಳೇ. ಮುಚ್ಚಳ ಹಾಕಿ, ‘ಕೂಡಿಸಿದ್ದು’ ಎಂದು ಚೀಟಿ ಕಟ್ಟಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ. ಹುಡುಗ ಹೋಗುತ್ತಾನೆ. ಅಪ್ಪ ಉಳಿಯುತ್ತಾರೆ.

ಗೇಟಿನ ಸದ್ದಾಯಿತು. ಗಂಡ ಚೀಲ ಹೊತ್ತು ಒಳಗೆ ಬಂದರು. ನಾನು ವಾಚಿನ ಮೇಲೆ ಡಬ್ಬಿಯ ಮುಚ್ಚಳವೊಂದನ್ನು ಬೋರಲು ಹಾಕಿದೆ.

"ಏನದು, ಬೆಕ್ಕು ಮರಿ ಹಾಕಿದೆಯಾ ಅಲ್ಲಿ?" ಎಂದರು. ನಾನು ನಗದಿದ್ದುದನ್ನು ನೋಡಿ ಚೀಲ ಕೆಳಗಿಟ್ಟು, ಹಾಲಿನ ಪಾತ್ರೆ ಉಜ್ಜಲು ನಿಂತರು.

"ಅಟ್ಟದ ಮೇಲಿಂದ ಅಪ್ಪನ ಟಿನ್ನು ಇಳಿಸಿಕೊಡ್ತೀರಾ?" ಎಂದೆ.

"ಏಣಿ ಬರಲಿ, ಇಳಿಸ್ತಾನೆ."

"ಅವನು ಬರೋದ್ರೊಳಗೆ ಬೇಕು."

ಬಿಸ್ಕತ್ತಿನ ದೊಡ್ಡ ಟಿನ್ನು. ಅಪ್ಪ ಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ತಂದು ಇಟ್ಟದ್ದು, ನಾನು ತೆರೆದಿರಲಿಲ್ಲ. ಬಿಡಿಭಾಗ ಎಂದರೆ ಬಿಡಿಭಾಗ, ನೋಡುವುದೇನಿದೆ ಎಂದುಕೊಂಡಿದ್ದೆ. ತೆರೆದರೆ ಒಳಗೆ ಬಿಡಿಭಾಗಗಳ ಕೆಳಗೆ ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿದ ಸಣ್ಣ ಸಣ್ಣ ಪೊಟ್ಟಣಗಳು. ಒಂದೊಂದರ ಮೇಲೂ ಒಂದು ನಂಬರು. ಬಟ್ಟೆ ಒಣಗಹಾಕಿ ಬಂದು ಕೂತೆ, ಹುಡುಕಿದೆ. ತರಕಾರಿ ಹೆಚ್ಚಿ ಬಂದು ಕೂತೆ, ಹುಡುಕಿದೆ. ಬೇಗ ಸಿಗಲಿ ಎಂದೂ ಇರಲಿಲ್ಲ, ಸಿಗದಿರಲಿ ಎಂದೂ ಇರಲಿಲ್ಲ.

ಟಿನ್ನಿನ ತಳದಲ್ಲಿತ್ತು. 7-413.

ಬಿಚ್ಚಿದೆ. ನೀಲಿ. ಸಂಜೆಯ ಆಕಾಶ ಕಪ್ಪಾಗುವ ಮುಂಚಿನ ನೀಲಿ. ಆರರ ಕೆಳಗೆ ಎಕ್ಸ್. ನಾಲ್ಕರಿಂದ ಆರರವರೆಗೆ ಬಣ್ಣ ಗುಳ್ಳೆಯೆದ್ದು, ಕಲೆಯಾಗಿ, ಅಂಚಿನಲ್ಲಿ ಕಿತ್ತುಹೋಗಿತ್ತು. ನೀರು. ಇದನ್ನು ಯಾರೂ ಯಾರಿಗೂ ಮಾರಲಾರರು.

ಕಾಗದದ ಒಳಮೈಯಲ್ಲಿ ಅಪ್ಪನ ಕೈಬರಹ, ಪೆನ್ಸಿಲಿನಲ್ಲಿ. ‘ನೀರು ಕುಡಿದ ಮುಖ. ಬಸ್ಸಿಳಿದು ನೇರ ಬಂದರು, ಪೆಟ್ಟಿಗೆ ಕೈಯಲ್ಲೇ. ಇನ್ನೂ ಮನೆಗೆ ಹೋಗಿಲ್ಲ, ಹೀಗೆ ಹೋಗಲಾರೆ ಅಂದರು. ಬಿಳಿ ಹಾಕಿಕೊಟ್ಟೆ. ಇದನ್ನು ಕೇಳಿ ಬಂದರೆ ಕೊಡುವುದು.’

ಅದನ್ನು ಎಷ್ಟು ಸಲ ಓದಿದೆನೋ. ಹನ್ನೊಂದು ವರ್ಷದ ಮೇಲೆ ಊರಿಗೆ ಬರುತ್ತಿರುವ ಮನುಷ್ಯ. ಕೈಯಲ್ಲಿ ಜೊತೆಗಾರರು ಕೊಟ್ಟ ವಾಚು, ದಾರಿಯಲ್ಲೆಲ್ಲೋ ನೀರು ಹೋಗಿ ಕೆಟ್ಟಿದೆ. ಬಸ್ಸಿಳಿದ ಕೂಡಲೇ ಹಿಂದಿನ ಓಣಿಯಲ್ಲಿ ರಿಪೇರಿ ಅಂಗಡಿ. ಮನೆಯವರು ಮೊದಲ ಸಲ ನೋಡಿದ್ದೇ ಬಿಳಿ ಮುಖ. ಆಮೇಲೆ ನೀಲಿಯನ್ನು ಕೇಳಿಕೊಂಡು ಬಂದು ಹಾಕಿಸುವುದಾದರೂ ಹೇಗೆ? ಯಾರಿಗೂ ಮುಟ್ಟಲು ಬಿಡದಿದ್ದದ್ದು ಅದಕ್ಕೇ ಇರಬೇಕು. ‘ಇರಬೇಕು’ ಎಂದಷ್ಟೇ ಹೇಳಬಲ್ಲೆ, ಇಬ್ಬರೂ ಈಗ ಇಲ್ಲ.

ಭಾನುವಾರ ಏಣಿ ಬಂದ. ಮಗಳು ಅವನ ಪಕ್ಕ ಕೂರಲಿಲ್ಲ, ನನ್ನ ಪಕ್ಕವೂ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ಗಂಡ ಕುರ್ಚಿ ಎಳೆದುಕೊಂಡು, ಪಂದ್ಯ ನೋಡಲು ಬಂದವರ ಹಾಗೆ ಕೂತರು.

"ಅಮ್ಮ, ಹೇಳು" ಎಂದಳು ಮಗಳು. ಎದೆಯ ಮೇಲೆ ಕಟ್ಟಿದ ಕೈ ಬಿಚ್ಚಿರಲಿಲ್ಲ.

ಹೇಳಿದೆ. "ನಿನ್ನ ಮೇಲೆ ನಂಗೆ ಅನುಮಾನ ಇತ್ತಪ್ಪ. ವಾಚು ಎಲ್ಲಿಂದಲೋ ತಂದು ತಾತನ ಕಥೆ ಕಟ್ಟಿದ್ದೀಯ ಅಂದ್ಕೊಂಡಿದ್ದೆ. ನೀನು ಸುಳ್ಳು ಹೇಳಿಲ್ಲ. ವಾಚಿನ ಮುಖ ಬದಲಾಯಿಸಿದ್ದು ನನ್ನ ಅಪ್ಪ." ಮುಚ್ಚಳದ ಒಳಗಿನ ಗುರುತು ತೋರಿಸಿದೆ, ಪೊಟ್ಟಣ ತೋರಿಸಿದೆ, ಪೆನ್ಸಿಲಿನ ಬರಹವನ್ನು ಜೋರಾಗಿ ಓದಿದೆ. ಮಗಳ ಕಟ್ಟಿದ ಕೈ ಬಿಚ್ಚಿಕೊಂಡಿತು.

ಏಣಿ ಪೊಟ್ಟಣವನ್ನೇ ನೋಡುತ್ತಿದ್ದ. ಆಮೇಲೆ ತಲೆಯೆತ್ತಿ ಕೇಳಿದ, "ಈ ನೀಲಿ ಮುಖ ಇದೇ ವಾಚಿಂದು ಅಂತ ಹೇಗೆ ಹೇಳ್ತೀರಾ?"

"ಏಯ್!" ಎಂದಳು ಮಗಳು.

"ಅಲ್ಲ, ಪೊಟ್ಟಣದ ಮೇಲೆ ಯಾರು ಬೇಕಾದ್ರೂ ಬರೀಬಹುದಲ್ಲ. ಆಂಟಿಯೇ ಬರೆದಿರಬಹುದು. ಅವರ ಅಪ್ಪನ ಹೆಸರು ಉಳಿಸೋಕೆ."

ಗಂಡ ಕುರ್ಚಿಯನ್ನು ಇನ್ನೊಂದು ಚೂರು ಮುಂದಕ್ಕೆಳೆದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಕೇಳಿದ ಪ್ರಶ್ನೆ ಅವನ ಜಾಗದಲ್ಲಿದ್ದರೆ ನಾನೇ ಕೇಳುತ್ತಿದ್ದ ಪ್ರಶ್ನೆ. ಕೊರಳಿನಿಂದ ಭೂತಗನ್ನಡಿ ತೆಗೆದು ಅವನ ಕೈಗಿಟ್ಟೆ. ಅಪ್ಪ ಹೋದ ಮೇಲೆ ಅದನ್ನು ಇನ್ನೊಬ್ಬರ ಕಣ್ಣಿಗೆ ಕೊಟ್ಟದ್ದು ಅದೇ ಮೊದಲು.

"ನೀನೇ ನೋಡು. ನನ್ನ ಮಾತು ನಂಬಬೇಡ."

ಮುಳ್ಳು ಕಳಚಿ, ವಾಚಿನ ಬಿಳಿ ಮುಖವನ್ನು ಮೆಲ್ಲಗೆ ಎತ್ತಿದೆ. ಅದರ ಅಡಿಯಲ್ಲಿ ಯಂತ್ರದ ಸುತ್ತ ತೆಳ್ಳನೆಯ ಉಕ್ಕಿನ ಬಳೆಯಿರುತ್ತದೆ. ನಾಲ್ಕರಿಂದ ಆರರವರೆಗೆ ಆ ಬಳೆ ಕಂದು ಬಣ್ಣಕ್ಕೆ ತುಕ್ಕು ಹಿಡಿದಿತ್ತು, ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಬಿಳಿ ಮುಖದ ಬೆನ್ನು ಸ್ವಚ್ಛ. ನೀಲಿ ಮುಖವನ್ನು ಅದರ ಜಾಗದಲ್ಲಿ ಕೂರಿಸಿದೆ. ನೀರಿನ ಕಲೆ ಎಲ್ಲಿ ಅಂಚು ಮುಟ್ಟಿತ್ತೋ, ಅಲ್ಲಿಂದಲೇ ಬಳೆಯ ತುಕ್ಕು ಶುರು. ಕಲೆ ಎಲ್ಲಿ ಮುಗಿದಿತ್ತೋ ತುಕ್ಕೂ ಅಲ್ಲೇ ಮುಗಿದಿತ್ತು. ಒಂದೇ ಹನಿ ಎರಡನ್ನೂ ತಿಂದಿತ್ತು.

ಅವನು ಬಾಗಿ ನೋಡಿದ, ನೋಡುತ್ತಲೇ ಇದ್ದ. ವಾಚನ್ನು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದ. ಜೇಬಿನಿಂದ ರಶೀದಿ ತೆಗೆದು ಮುಚ್ಚಳದ ನಂಬರು ತಾಳೆ ನೋಡಿದ. ಆಮೇಲೆ ಮೆಲ್ಲಗೆ, "ಏಳನೇ ತಿಂಗಳು. ತಾತ ವಾಪಸ್ ಬಂದದ್ದು ಜುಲೈಯಲ್ಲಿ. ಅಜ್ಜಿ ಯಾವಾಗಲೂ ಹೇಳ್ತಾರೆ, ಬಸ್ಸು ಬೆಳಗ್ಗೆ ಬಂತು, ಮನುಷ್ಯ ಮಧ್ಯಾಹ್ನ ಬಂದ್ರು ಅಂತ. ಎಲ್ಲಿ ಹೋಗಿದ್ರಿ ಅಂತ ತಾತ ಇರೋವರೆಗೂ ಕೇಳ್ತಾನೇ ಇದ್ರು" ಎಂದ.

"ಇಲ್ಲಿ" ಎಂದು ನನ್ನ ಗಂಡ ಪೊಟ್ಟಣದ ಮೇಲೆ ಬೆರಳಿಟ್ಟರು.

ಭೂತಗನ್ನಡಿ ಕಣ್ಣಿನಿಂದ ತೆಗೆದಾಗ ಅವನ ಕಣ್ಣ ಸುತ್ತ ಕೆಂಪು ಉಂಗುರ ಮೂಡಿತ್ತು. "ಹಾಗಾದ್ರೆ ತಾತ ನಮಗೆಲ್ಲ ಸುಳ್ಳು ಹೇಳಿದ್ರು" ಎಂದ. 

ನನ್ನ ಅಪ್ಪನ ಮೇಲಿದ್ದ ಅನುಮಾನವನ್ನು ಇಳಿಸಿ ಇವನ ತಾತನ ಮೇಲೆ ಹೊರಿಸಿಬಿಟ್ಟಿದ್ದೆ. "ಎಲ್ಲೋ ಒಂದು ಹನಿ ನೀರು ಹೋಯ್ತು ಅಂತ ಹೇಳೋಕೆ ಆಗಿಲ್ಲ ಅವರಿಗೆ, ಅಷ್ಟೆ ಕಣಪ್ಪ" ಎಂದೆ. "ಹನ್ನೊಂದು ವರ್ಷ ಬಿಟ್ಟು ಮನೆಗೆ ಬರುವಾಗ ಕೆಟ್ಟ ವಾಚು ಕಟ್ಕೊಂಡು ಬರೋಕೆ ಯಾರಿಗೆ ಮನಸ್ಸಾಗುತ್ತೆ?"

ಅವನು ತಲೆಯಾಡಿಸಿದ, ಒಪ್ಪಿದ ಹಾಗೂ ಅಲ್ಲ, ಒಪ್ಪದ ಹಾಗೂ ಅಲ್ಲ.

"ನಂದೂ ಒಂದು ಪ್ರಶ್ನೆ ಉಳಿದಿದೆ" ಎಂದೆ. "ಮೊದಲ ಸಲ ಬಂದಾಗ ತಾತ ಹೋದ ಮೇಲೆ ಸಿಕ್ತು ಅಂದೆ. ಎರಡನೇ ಸಲ ಪಾಸಾದಾಗ ಕೊಟ್ರು ಅಂದೆ."

"ಅಮ್ಮಾ!"

"ಎರಡೂ ನಿಜ ಆಂಟಿ. ಪಾಸಾದಾಗ ಕೊಟ್ರು. ಮಾರನೇ ದಿನ, ಬೇಡ, ನೀನು ಕಳೆದುಬಿಡ್ತೀಯ ಅಂತ ವಾಪಸ್ ತಗೊಂಡ್ರು." ಅಂದು ಮೊದಲ ಸಲ ಅವನು ನಕ್ಕ. ಮಗಳೂ ನಕ್ಕಳು, ಅವನ ಪಕ್ಕ ಬಂದು ಕೂತಳು.

ಯಾವ ಮುಖ ಹಾಕಲಿ ಎಂದು ಕೇಳಿದೆ. ಕಲೆಯನ್ನು ಮುಟ್ಟದೆ ನೀಲಿಯನ್ನೇ ಹಾಕಿಕೊಡಬಹುದು, ಆಗ ವಾಚು ಒಂಬತ್ತರದ್ದಾಗಿ ಪೂರ್ತಿ ಅಸಲಿಯಾಗುತ್ತದೆ ಎಂದೂ ಹೇಳಿದೆ. ಅವನು ಎರಡನ್ನೂ ಅಂಗೈಯಲ್ಲಿಟ್ಟು ನೋಡಿದ.

"ಬಿಳಿಯದೇ ಇರಲಿ. ಅಜ್ಜಿಗೆ ಗೊತ್ತಿರೋದು ಅದು. ನೀಲಿ ಪೊಟ್ಟಣದಲ್ಲೇ ಕೊಡಿ."

ಕೊಟ್ಟೆ. ಅಪ್ಪ ಬರೆದಿಟ್ಟಿದ್ದರಲ್ಲ, ಕೇಳಿ ಬಂದರೆ ಕೊಡುವುದು ಎಂದು. ಟಿನ್ನಿನಲ್ಲಿ ಇನ್ನೂ ಹನ್ನೊಂದು ಪೊಟ್ಟಣಗಳಿವೆ. ಅವುಗಳಲ್ಲೂ ಹೀಗೇ ಇರುತ್ತದೆಂದು ಆಣೆ ಮಾಡಲಾರೆ. ಬಿಡುವಾದಾಗ ಒಂದೊಂದನ್ನೇ ಬಿಚ್ಚಬೇಕು, ಅಪ್ಪನ ಬರಹವಾದರೂ ಮೊದಲು ಒಳಗಿನದನ್ನು ನೋಡಿ, ಆಮೇಲೆ ಓದಬೇಕು.

ಮುಚ್ಚಳ ಹಾಕುವ ಮುನ್ನ ಅಪ್ಪನ ಗುರುತಿನ ಕೆಳಗೆ ನಾನೂ ಒಂದು ಗೀರಿದೆ, ಅರ್ಧಚಂದ್ರ, ಚುಕ್ಕೆ ಮಾತ್ರ ಹೊರಗೆ. ಏನು ಬರೆದದ್ದೆಂದು ಏಣಿ ಕೇಳಿದ. ಹೇಳಿದೆ. ಭೂತಗನ್ನಡಿ ಹಾಕಿ ಅದನ್ನೂ ನೋಡಿದ.

ಹೊರಡುವಾಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತು, ನನ್ನ ಕೈಯಿಂದ ವಾಚು ತೆಗೆದುಕೊಂಡ. ಕಟ್ಟಿಕೊಳ್ಳಲಿಲ್ಲ. ಜೇಬಿಗೆ ಕೈ ಹಾಕಿದ. ಮಗಳು ಅವನ ಮೊಣಕೈ ಹಿಡಿದೆಳೆದಳು, "ಸಾಕು ಮಾರಾಯ, ಇನ್ನೂ ಎಷ್ಟು ಸಲ?"

"ಬಿಡೇ, ನೋಡಲಿ" ಎಂದೆ ನಾನು. "ಸರಿಯಾಗಿ ನೋಡ್ಕೋಪ್ಪ."

ಅವನು ರಶೀದಿ ಬಿಡಿಸಿ, ವಾಚಿನ ಬೆನ್ನು ತಿರುಗಿಸಿ, ಎರಡೂ ನಂಬರನ್ನು ಕೊನೆಯ ಒಂಬತ್ತರವರೆಗೆ ಬೆರಳಿಟ್ಟು ತಾಳೆ ನೋಡಿದ. ಆಮೇಲೆ ಕಟ್ಟಿಕೊಂಡ.